ನುಗ್ಗೆ ಪುಡಿ, ಬಸ್ಸಾರು ಮತ್ತು ಮೇಷ್ಟ್ರ ಕಾಫಿ

ಪಕ್ಕದ ಮನೆಯ ಅಕ್ಕ ಕಾಂಪೌಂಡ್ ಗೋಡೆಯ ಮೇಲೆ ಮೊರ ಇಟ್ಟುಕೊಂಡು ಸೊಪ್ಪು ಸೋಸುತ್ತಿದ್ದಾರೆ ಅಂದರೆ ಅವತ್ತು ಅವರಲ್ಲಿ ಬಸ್ಸಾರು, ನನಗೆ ಅರ್ಧ ಗಂಟೆ ಹರಟೆ. ಮೊನ್ನೆ ಮೊರದ ಪಕ್ಕ ಒಂದು ಡಬ್ಬಿಯೂ ಕೂತಿತ್ತು. ಮಗ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಕಳಿಸಿದ ನುಗ್ಗೆಸೊಪ್ಪಿನ ಪುಡಿ. ದಿನಾ ಬೆಳಗ್ಗೆ ಬಿಸಿನೀರಿಗೆ ಒಂದು ಚಮಚ ಹಾಕಿ ಕುಡಿಯಬೇಕಂತೆ. "ಆಂಟಿಆಕ್ಸಿಡೆಂಟು, ಲ್ಯೂಟಿನ್ನು, ಇನ್ನೂ ಏನೇನೋ ಇದೆ ನೋಡಿ ಇದರಲ್ಲಿ" ಅಂತ ಅಕ್ಕ ಕನ್ನಡಕ ಏರಿಸಿ ಓದುವಾಗ ಅವರದೇ ಹಿತ್ತಲಿನ ನುಗ್ಗೆ ಕೊಂಬೆ ಅವರ ತಲೆಗೆ ತಾಗುತ್ತಿತ್ತು. ಆ ಮರದ ಎಲೆ ವರ್ಷವಿಡೀ ಉದುರುವುದು ನಮ್ಮ ಅಂಗಳಕ್ಕೆ, ಗುಡಿಸುವುದು ನಾನು.

ಪುಡಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಲ್ಯೂಟಿನ್ ಇರುವುದು ನಿಜ. ಸೊಪ್ಪಿನ ಹಸಿರಿನಡಿ ಅಡಗಿರುವ ಹಳದಿ ಬಣ್ಣ ಅದು. ನಾವು ತಿಂದದ್ದು ರಕ್ತದ ಜೊತೆ ಹೋಗಿ ಕಣ್ಣಿನ ಪರದೆಯ ನಟ್ಟನಡುವೆ, ಅಕ್ಷರ ಓದಲು ಬೇಕಾದ ಜಾಗದಲ್ಲೇ ಶೇಖರವಾಗಿ, ಕಣ್ಣು ಕುಕ್ಕುವ ನೀಲಿ ಬೆಳಕನ್ನು ಅಷ್ಟಿಷ್ಟು ತಡೆಯುತ್ತದೆ. ಎ ಜೀವಸತ್ವವಾಗಿ ಬದಲಾಗುವ ಬೀಟಾ ಕೆರೋಟಿನ್ ಇದರ ದಾಯಾದಿ. ತೊಂದರೆ ಏನೆಂದರೆ ಎರಡಕ್ಕೂ ನೀರು ಆಗಿಬರುವುದಿಲ್ಲ, ಎಣ್ಣೆಯೇ ಬೇಕು. ಖಾಲಿ ಹೊಟ್ಟೆಗೆ ಬಿಸಿನೀರಲ್ಲಿ ಕದಡಿ ಕುಡಿದರೆ ಹೆಚ್ಚಿನದು ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತದೆ.

"ಅದಕ್ಕೇ ಅಕ್ಕಾ, ಆ ಕೊಂಬೆ ಬಗ್ಗಿಸಿ ನಾಲ್ಕು ಹಿಡಿ ಸೊಪ್ಪು ಕಿತ್ತು, ಒಗ್ಗರಣೆ ಹಾಕಿ, ಮೇಲೆ ಕಾಯಿತುರಿ ಉದುರಿಸಿ ಪಲ್ಯ ಮಾಡಿ" ಅಂದೆ.

"ಮಾಡಬಹುದು. ಕಡ್ಡಿ ಬಿಡಿಸೋಕೆ ನೀವು ಬರ್ತೀರಾ?" ಅಂದರು. ನುಗ್ಗೆಸೊಪ್ಪು ಬಿಡಿಸಿದವರಿಗೆ ಮಾತ್ರ ಈ ಪ್ರಶ್ನೆಯ ತೂಕ ಗೊತ್ತು. ಪುಡಿಯ ವ್ಯಾಪಾರ ನಡೆಯುತ್ತಿರುವುದು ಆ ಕಡ್ಡಿಯ ದೆಸೆಯಿಂದಲೇ ಅಂತ ನನ್ನ ಗುಮಾನಿ.

ಬಸ್ಸಾರಿನ ವಿಷಯ ಬಂದರೆ ಮಾತ್ರ ಅಕ್ಕನ ಎದುರು ನಾನು ಬಾಯಿ ಬಿಡುವುದಿಲ್ಲ. ಅಲಸಂದೆ ಕಾಳು ಮುಕ್ಕಾಲು ಬೆಂದ ಮೇಲೆ ದಂಟು, ಹೊನಗೊನೆ, ಒಂದಿಷ್ಟು ಸಬ್ಬಸಿಗೆ ಹಾಕಿ, ಬೆಂದದ್ದೇ ಬಸಿಯುತ್ತಾರೆ. ಕೆಳಗಿಳಿದ ಕಟ್ಟು ಖಾರ ಹುಣಸೆಹಣ್ಣು ಸೇರಿ ಸಾರಾಗುತ್ತದೆ, ಮೇಲುಳಿದದ್ದು ಪಲ್ಯ. ಸೊಪ್ಪಿನ ಫೋಲೇಟ್ ನೀರಲ್ಲಿ ಕರಗುವ ಜಾತಿಯದು, ಬೇಯಿಸಿದಾಗ ಕಟ್ಟಿಗೆ ಇಳಿದುಬಿಡುತ್ತದೆ. ಕಟ್ಟು ಚೆಲ್ಲಿದರೆ ಅದೂ ಹೋಯಿತು. ಮುದ್ದೆ ಅದ್ದಿಕೊಂಡರೆ ಹೊಟ್ಟೆ ಸೇರಿತು.

ಈ ಫೋಲೇಟ್ ಬೆಳಕಿಗೆ ಬಂದ ಕಥೆ ಶುರುವಾಗುವುದು ನಮ್ಮ ಮುಂಬಯಿಯಲ್ಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿ ಕೆಲಸದ ಬಡ ಹೆಂಗಸರು ಬಸುರಿಯಾದಾಗ ರಕ್ತಹೀನತೆಯಿಂದ ಬಿಳಿಚಿಕೊಂಡು ಸಾಯುತ್ತಿದ್ದರು. ಯೀಸ್ಟ್ ಸಾರದಿಂದ ಮಾಡಿದ ಮಾರ್ಮೈಟ್ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ ಅಂತ ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ವಸ್ತು ಯಾವುದು ಅನ್ನುವುದು ಆಗ ಪತ್ತೆಯಾಗಿರಲಿಲ್ಲ. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಅರೆದು, ಸೋಸಿ ಚಿಟಿಕೆಯಷ್ಟು ಫೋಲಿಕ್ ಆಮ್ಲ ತೆಗೆದರು. ಈಗ ಬಸುರಿಯರಿಗೆ, ಬಸುರಿಗೆ ಮುಂಚೆಯೂ, ಡಾಕ್ಟರು ಕೊಡುವ ಮಾತ್ರೆ ಅದೇ. ಮಗುವಿನ ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳಲು ಅದು ಬೇಕು. ಅಲ್ಲಿ ಬಸ್ಸಾರು ನಂಬಿಕೊಂಡು ಮಾತ್ರೆ ಬಿಡಬಾರದು.

"ಹಾಗಾದ್ರೆ ನಮ್ಮಜ್ಜಿಗೆ ಇದೆಲ್ಲ ಗೊತ್ತಿತ್ತು ಅನ್ನಿ!" ಅಂದರು ಅಕ್ಕ.

ಗೊತ್ತಿರಲಿಲ್ಲ. ಮನೆ ತುಂಬ ಜನ, ಒಲೆ ಒಂದು, ಕಾಳು ಬೊಗಸೆಯಷ್ಟು. ಆ ಸ್ಥಿತಿಯಲ್ಲಿ ಬೆಂದ ನೀರು ಚೆಲ್ಲುವ ಧಾರಾಳ ಯಾರಿಗಿತ್ತು? ಅಜ್ಜಿಯರನ್ನು ವಿಜ್ಞಾನಿ ಮಾಡಿ ಹಾರ ಹಾಕುವುದು ಈಚೆಗೆ ಹೆಚ್ಚಾಗಿದೆ. ಸೊಪ್ಪು ಹಸಿರಾಗಿ ಉಳಿಯಲಿ ಅಂತ ಚಿಟಿಕೆ ಸೋಡಾ ಹಾಕುತ್ತಿದ್ದವರೂ ಅವರೇ. ಬಣ್ಣ ಉಳಿಯುತ್ತದೆ, ಸಿ ಜೀವಸತ್ವ ಹಾಳಾಗುತ್ತದೆ.

ಇನ್ನು ಕಟ್ಟು ಚೆಲ್ಲಲೇಬೇಕಾದವರೂ ಇದ್ದಾರೆ. ಪಾಲಕ್, ದಂಟುಗಳಲ್ಲಿ ಆಕ್ಸಲೇಟ್ ಜಾಸ್ತಿ. ಅದು ಸುಣ್ಣದಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಪಾಲಕ್‌ನ ಸುಣ್ಣದಂಶದಲ್ಲಿ ಮೈಗೆ ಹತ್ತುವುದು ಸುಮಾರು ಶೇ. 5 ಮಾತ್ರ. ಅದೇ ಆಕ್ಸಲೇಟ್‌ನಿಂದಲೇ ಕಿಡ್ನಿಯ ಕಲ್ಲು ಕಟ್ಟುವುದೂ ಹೆಚ್ಚು. ಕಲ್ಲಿನ ಕಾಟ ಇರುವವರು ಬೆಂದ ನೀರು ಚೆಲ್ಲಿ, ಪಾಲಕ್ ಬದಲು ಮೆಂತ್ಯ ಸೊಪ್ಪಿನ ಕಡೆ ತಿರುಗುವುದು ವಾಸಿ.

ಅಷ್ಟು ಹೊತ್ತಿಗೆ ಅಕ್ಕನ ಯಜಮಾನರು, ರಿಟೈರ್ಡ್ ಮೇಷ್ಟ್ರು, ಪೇಪರ್ ಮಡಚಿಕೊಂಡು ಹೊರಗೆ ಬಂದರು. ಅವರಿಗೆ ಹೃದಯದ ಕವಾಟ ಬದಲಿಸಿ ಲೋಹದ್ದು ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ಮಾತ್ರೆ. ನಾನು ಡಬ್ಬಿ ತೋರಿಸಿ, "ಮೇಷ್ಟ್ರೇ, ನೀವೂ ಕುಡೀತಿದ್ದೀರಾ?" ಅಂದೆ.

"ಇವಳು ಕೊಟ್ಟರೆ ಬೇಡ ಅನ್ನೋಕಾಗುತ್ತಾ?"

ಇಲ್ಲಿ ಮಾತ್ರ ಹರಟೆ ಬಿಟ್ಟು ಗಟ್ಟಿಯಾಗಿ ಹೇಳಬೇಕಾಯಿತು. ಸೊಪ್ಪಿನಲ್ಲಿ ಕೆ ಜೀವಸತ್ವ ತುಂಬಿರುತ್ತದೆ. ರಕ್ತ ಹೆಪ್ಪುಗಟ್ಟಿಸುವುದೇ ಅದರ ಕಸುಬು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬಾತ ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಿಗೆ ರಕ್ತ ಸೋರುವುದನ್ನು ನೋಡಿ ಇದರ ಜಾಡು ಹಿಡಿದರು, 1943ರ ನೊಬೆಲ್‌ನಲ್ಲಿ ಪಾಲು ಪಡೆದರು. ವಾರ್ಫರಿನ್ ಎಳೆಯುವ ಕಡೆಗೆ ವಿರುದ್ಧವಾಗಿ ಎಳೆಯುವುದು ಈ ಕೆ. ಹಾಗಂತ ಸೊಪ್ಪನ್ನೇ ಬಿಡಬೇಕಿಲ್ಲ. ವಾರ ವಾರವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ತಿಂದರೆ ಡಾಕ್ಟರು ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತಾರೆ. ಎಡವಟ್ಟಾಗುವುದು ಹೀಗೆ ಇದ್ದಕ್ಕಿದ್ದಂತೆ ಡಬ್ಬಿ ತೆರೆದಾಗ.

ಅಕ್ಕ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. "ನಾಳೆ ರಕ್ತ ಪರೀಕ್ಷೆ ಇದೆ, ಡಾಕ್ಟರಿಗೆ ಹೇಳಿಯೇ ಬರ್ತೀವಿ" ಅಂದರು.

ಇನ್ನೊಂದು ಉಳಿದಿತ್ತು. ಸೊಪ್ಪಿನ ಕಬ್ಬಿಣದಂಶವನ್ನು ಮೈ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಚೂರು ಸರಾಗ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಅದಕ್ಕೂ ಅಡ್ಡಿ. ಒಂದು ಗಂಟೆ ತಡೆದು ಕುಡಿಯಿರಿ ಅಂತ ಮೇಷ್ಟ್ರಿಗೆ ಹೇಳಿದೆ.

"ಒಂದು ಗಂಟೆ!" ಅಂದರು ಮೇಷ್ಟ್ರು. "ಬೇಕಾದ್ರೆ ಕಾಫಿ ಕುಡಿದು ಒಂದು ಗಂಟೆ ಬಿಟ್ಟು ಊಟ ಮಾಡ್ತೀನಿ."