ಯೂ ಆಕಾರವೂ ಫ್ಯಾನಿನ ಗಾಳಿಯೂ

ಎಂಟು ಜನರ ವ್ಯಾಪಾರದ ಮಾತುಕತೆಗೆ ಕುರ್ಚಿ ಹೇಗೆ ಹಾಕಿಸಬೇಕು? ಶಿವಮೊಗ್ಗದ ಹಳೇ ಅಡಿಕೆ ಮಂಡಿಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ: ಗಾದಿ, ಲೋಡು, ಎಲೆಯಡಿಕೆ ತಟ್ಟೆ, ಮುಗಿಯಿತು. ಈಗ ಹೋಟೆಲಿನವರು ‘ಯೂ ಆಕಾರವೋ, ಥಿಯೇಟರ್ ಮಾದರಿಯೋ ಸಾರ್?’ ಎನ್ನುತ್ತಾರೆ. ಥಿಯೇಟರ್ ಎಂದಿರೋ, ಹಿಂದಿನ ಸಾಲು ಮೊದಲು ತುಂಬುತ್ತದೆ. ಲಾಭನಷ್ಟವನ್ನೆಲ್ಲ ಮುಂದಿನ ಖಾಲಿ ಕುರ್ಚಿಗಳಿಗೇ ವಿವರಿಸಬೇಕು. ದುಂಡುಮೇಜಿನಲ್ಲಿ ಸಮಾನತೆಯೇನೋ ಉಂಟು, ಆದರೆ ಯಜಮಾನರು ತಮ್ಮ ಜಾಗ ಯಾವುದೆಂದು ತಿಳಿಯದೆ ನಿಂತೇ ಇರುತ್ತಾರೆ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗೆ (ವಿಶ್ವೇಶ್ವರಯ್ಯನವರ ಗಾಳಿ ಬೇರೆ!) ಉದ್ದಮೇಜು, ಹುದ್ದೆಯ ಪ್ರಕಾರ ಸಾಲೇ ಸರಿ. ನನ್ನ ಓಟು ಯೂಗೆ. ಎಲ್ಲರ ಮುಖವೂ ಪರದೆಯೂ ಕಾಣುತ್ತದೆ. ಏಪ್ರಿಲ್ಲಿನಲ್ಲಿ ಮಾತ್ರ ಯೂ ಉಳಿಯುವುದಿಲ್ಲ, ಎಂಟೂ ಕುರ್ಚಿ ಫ್ಯಾನಿನಡಿ ಸೇರುತ್ತವೆ. ಕರೆಂಟು ಹೋದರೆ ಕಿಟಕಿಯ ಕಡೆಗೆ.