ಹಿತ್ತಲ ಕಾಳ್ಗಿಚ್ಚು

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಸಿಂಧನೂರಿನ ಮಂದಿ ಟಿವಿ ಮುಂದೆ ಕುಳಿತು ‘ಅಯ್ಯೋ ಪಾಪ’ ಎಂದರು. 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗಲೂ ಅಂದದ್ದು ಅಷ್ಟೇ. ಕಾಳ್ಗಿಚ್ಚಿಗೆ ಕಾಡು ಬೇಕಲ್ಲ! ಇಲ್ಲಿ ಹುಡುಕಿದರೆ ಸಿಗುವುದು ಜಾಲಿಗಿಡ, ಬಂಡೆಗಲ್ಲು. ಆ ಕೊರತೆಯನ್ನು ರೈತರು ಹಿತ್ತಲಲ್ಲೇ ತುಂಬಿಕೊಂಡಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಸಿಂಧನೂರು ಸೀಮೆಯಲ್ಲಿ ನೆಲ್ಲುಹುಲ್ಲಿನ ಬಣವೆ, ಮಳೆ ನಂಬಿದ ಲಿಂಗಸುಗೂರು ಕಡೆ ಜೋಳದ ಸೊಪ್ಪೆ, ತೊಗರಿ ಕಟ್ಟಿಗೆ, ಮಸ್ಕಿಯಲ್ಲಿ ಎರಡೂ.

ಬೇಸಿಗೆಗೆ ಮನೆ ಸಜ್ಜಾಗುವುದರಲ್ಲಿ ಕೊರತೆಯೇನಿಲ್ಲ. ಹೊಸ ಮಣ್ಣಿನ ಕೊಡ ಬರುತ್ತದೆ, ಕೂಲರಿನ ಹುಲ್ಲು ಬದಲಾಗುತ್ತದೆ, ಮಾಳಿಗೆ ಮೇಲೆ ಶಂಡಿಗೆ ಒಣಗುತ್ತದೆ. ಬಣವೆ ಮಾತ್ರ ಗೋಡೆಗೆ ಒರಗಿಕೊಂಡೇ ಇರುತ್ತದೆ. ದೂರ ಒಟ್ಟಿದರೆ ಬೀಡಾಡಿ ದನ ಮೇಯುತ್ತವೆ, ಮಂದಿ ಹೊರೆ ಕಟ್ಟುತ್ತಾರೆ ಎಂಬುದು ಯಜಮಾನನ ವಾದ.

“ಏನ್ರೀ, ಮ್ಯಾಲ ಕರೆಂಟಿನ ತಂತಿ ಐತಿ.”

“ತಂತಿನೂ ಮೊದಲಿಂದ ಐತಿ, ಬಣವಿನೂ ಮೊದಲಿಂದ ಐತಿ. ಎರಡಕ್ಕೂ ಪರಿಚಯ ಐತಿ, ಬಿಡು.”

ಏಪ್ರಿಲ್ಲಿನ ಗಾಳಿಗೆ ಜೋತುಬಿದ್ದ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರಿಸಿದಾಗ ಈ ಪರಿಚಯ ನೆಂಟಸ್ತನಕ್ಕೆ ತಿರುಗುತ್ತದೆ. ಕಿಡಿಯೇ ಬೇಕೆಂದೂ ಇಲ್ಲ. ಹಸಿ ಆರದ ಹುಲ್ಲನ್ನು ಒಟ್ಟಿದರೆ ಸೂಕ್ಷ್ಮಜೀವಿಗಳು ಒಳಗೊಳಗೇ ಕಾವೇರಿಸಿ, ಬಣವೆ ತಾನೇ ಹೊಗೆಯಾಡಬಲ್ಲದು. ಕಬ್ಬಿಣದ ಸರಳನ್ನು ನಡುವಿಗೆ ತೂರಿ, ತುಸು ಹೊತ್ತು ಬಿಟ್ಟು ಎಳೆದು ಮುಟ್ಟಬೇಕು. ಕೈ ಸುಟ್ಟರೆ ಬಣವೆಗೆ ಜ್ವರ.

ಕ್ಯಾಲಿಫೋರ್ನಿಯಾದಲ್ಲಿ ಬೆಂಕಿಯ ಭಯವಿರುವ ಕಡೆ ಮನೆಯ ಸುತ್ತ 100 ಅಡಿಯವರೆಗೆ ಒಣ ಹುಲ್ಲು, ಕಸಕಡ್ಡಿ ತೆಗೆಯಬೇಕೆಂಬ ಕಾನೂನಿದೆ. ಅಲ್ಲಿ ಅದಕ್ಕೆ ಅಧಿಕಾರಿಗಳು ಬೇಕು. ಇಲ್ಲಿ ಹೋಳಿಗೆ ಮುಂಚೆ ಓಣಿಯ ಹುಡುಗರು ಸಾಕು. ಕಾಮಣ್ಣನ ಹೆಸರಲ್ಲಿ ಕುಳ್ಳು, ಕಟ್ಟಿಗೆ, ಮುರುಕು ಮಂಚ ಎಲ್ಲವನ್ನೂ ರಾತ್ರೋರಾತ್ರಿ ಸಾಗಿಸಿ ಅಂಗಳ ಬೋಳು ಮಾಡುತ್ತಾರೆ. ಬೇಸಿಗೆಯ ಬಾಗಿಲಲ್ಲೇ ನಡೆಯುವ ಈ ಪುಕ್ಕಟೆ ಸೇವೆಗೆ ಊರವರು ಕೊಡುವ ಸಂಭಾವನೆ ಬರೀ ಬೈಗುಳ.

ಹುಡುಗರ ಕೈಗೆ ಸಿಗದ್ದು ಒಳಕೋಣೆಯ ಹತ್ತಿ. ರೇಟು ಏರಲೆಂದು ಕಾಯುವ ಮನೆಯಲ್ಲಿ ಅದು ಮಂಚ ನುಂಗಿ, ಸ್ವಿಚ್‌ಬೋರ್ಡಿನವರೆಗೆ ಏರಿರುತ್ತದೆ. ಮಕ್ಕಳು ಅದರ ಮೇಲೆ ಜಿಗಿಯುತ್ತಾರೆ; ಪಕ್ಕದ ದೇವರ ಗೂಡಿನಲ್ಲಿ ಊದುಬತ್ತಿ ಹೊಗೆಯಾಡುತ್ತಿರುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿನೊಳಗೂ ಹತ್ತಿಯ ಬೇಲುಗಳಿದ್ದವು, ಜತೆಗೆ ಮದ್ದುಗುಂಡು ಮತ್ತು ಚಿನ್ನದ ಗಟ್ಟಿಗಳು. ಬೆಂಕಿ ಬಿದ್ದು ಹಡಗೇ ಸಿಡಿಯಿತು. ಅಂದು ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಚಿನ್ನ ಹಟ್ಟಿ ಗಣಿಯ ಆಳದಲ್ಲಿ ಭದ್ರವಾಗಿದೆ. ಹತ್ತಿಗೆ ಮಾತ್ರ ಮಲಗುವ ಕೋಣೆಯೇ ಗತಿ.

ಇನ್ನು ಹೊಲದ ಬೆಂಕಿ. ಮಷೀನು ನೆಲ್ಲು ಕೊಯ್ದು ಹೋದ ಮೇಲೆ ಉಳಿದ ಕೂಳೆಗೆ ಕಡ್ಡಿ ಗೀರಿದರೆ ಕೆಲಸ ಮುಗಿಯಿತು. ಬೆಂಕಿಗೆ ಬದು ಯಾರದೆಂದು ತಿಳಿಯದಿರುವುದಷ್ಟೇ ತೊಂದರೆ. ಜೀವಿಗಳಿರುವ ಹೊಟ್ಟನ್ನು ಸುಡಬೇಡಿ, ವಿನಾಕಾರಣ ಕಾಡಿಗೆ ಬೆಂಕಿ ಇಡಬೇಡಿ ಎಂದು ಅಶೋಕ ಕಂಬದ ಮೇಲೆ ಕೆತ್ತಿಸಿದ್ದ. ಆದರೆ ಅಂಥದೊಂದು ಕಂಬ ಇಂದು ನಿಂತಿರುವುದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ, ಚಳಿಗಾಲಕ್ಕೊಮ್ಮೆ ಕೂಳೆಯ ಹೊಗೆ ಕುಡಿಯುತ್ತ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರಿದೆ, ಹೊಟ್ಟಿನ ಸುದ್ದಿ ಇಲ್ಲ. ಕಲ್ಲಿನಲ್ಲಿ ಇಲ್ಲದ್ದನ್ನು ನಾವ್ಯಾಕೆ ಪಾಲಿಸಬೇಕು ಎಂದು ರೈತ ಕೇಳಿದರೆ ಉತ್ತರ ಕಷ್ಟ.

ಬಣವೆ ಹೊತ್ತಿದ ಮೇಲೆ ಕೊಡಗಟ್ಟಲೆ ನೀರು ಸುರಿದರೆ ಮೇಲಿನ ಹುಲ್ಲು ನೆನೆಯುತ್ತದೆ, ಒಳಗಿನ ಕೆಂಡ ನಗುತ್ತಿರುತ್ತದೆ. ಎಳೆದು ಹರವಿಯೇ ಆರಿಸಬೇಕು. ಅಷ್ಟರಲ್ಲಿ ಯಾರೋ 112ಕ್ಕೆ ಫೋನ್ ಹಚ್ಚುತ್ತಾರೆ.

“ಎಲ್ಲಿ?”

“ಕ್ಯಾಂಪಿನಾಗ್ರಿ.”

ಸಿಂಧನೂರಿನಲ್ಲಿ ಇದು ವಿಳಾಸವಲ್ಲ. ಕಾಲುವೆ ಬಂದ ಮೇಲೆ ಆಂಧ್ರದ ರೈತರು ಕಟ್ಟಿಕೊಂಡ ಕ್ಯಾಂಪುಗಳಿವೆ, ಬಾಂಗ್ಲಾ ನಿರಾಶ್ರಿತರಿಗೆ ಕೊಟ್ಟ ನಂಬರಿನ ಕ್ಯಾಂಪುಗಳಿವೆ.

“ಯಾವ ಕ್ಯಾಂಪ್ರೀ?”

“ಕಾಲುವಿ ಬಾಜೂದ್ದು. ಹೊಗಿ ಎದ್ದದ, ನೋಡ್ಕೋತ ಬರ್ರಿ.”

“ಹೊಗಿ ನಾಕು ಕಡೆ ಕಾಣ್ತದ ಯಜಮಾನ್ರ, ನಿಮ್ದು ಯಾವುದು?”