ವಿಹಾರನೌಕಾ ರಕ್ಷಣಾ ಮೀಮಾಂಸೆ

ದಡದಲ್ಲಿ ಸುಖವಾಗಿರಲು ಸಕಲ ಅನುಕೂಲವಿದ್ದೂ ಅಲ್ಲಿಂದ ದೂರ ಹೋಗುವುದಕ್ಕೆಂದು ಒಬ್ಬನು ಸ್ವಂತ ಖರ್ಚಿನಲ್ಲಿ ಇಟ್ಟುಕೊಂಡ ದೋಣಿಯೇ ಯಾಟ್. ಈ ಲಕ್ಷಣದಲ್ಲಿ ‘ಸ್ವಂತ ಖರ್ಚಿನಲ್ಲಿ’ ಎಂಬುದನ್ನು ಬಿಟ್ಟರೆ ನೌಕಾಪಡೆಯ ಹಡಗಿಗೆ ಅತಿವ್ಯಾಪ್ತಿಯಾಗುತ್ತದೆ. ‘ಅನುಕೂಲವಿದ್ದೂ’ ಎಂಬುದನ್ನು ಬಿಟ್ಟರೆ ಮಲ್ಪೆಯ ಮೀನುಗಾರನಿಗೆ ಅತಿವ್ಯಾಪ್ತಿ. ಮೀನುಗಾರ ಕಡಲಿಗಿಳಿಯುವುದು ಹೊಟ್ಟೆಪಾಡಿಗೆ. ಜೂನ್, ಜುಲೈಯಲ್ಲಿ ಸರ್ಕಾರ ಯಾಂತ್ರಿಕ ಮೀನುಗಾರಿಕೆಯನ್ನು ನಿಷೇಧಿಸಿದಾಗ ಅವನು ಬೋಟನ್ನು ಬಂದರಿನಲ್ಲಿ ಕಟ್ಟಿ ಬಲೆ ದುರಸ್ತಿಗೆ ಕೂರುತ್ತಾನೆ. ಯಾಟ್ ಮಾಲೀಕನನ್ನು ಹೋಗೆಂದವರೂ ಇಲ್ಲ, ಬೇಡವೆನ್ನುವ ಧೈರ್ಯ ಮನೆಯವರಿಗೂ ಇಲ್ಲ. ಅಪಾಯವನ್ನು ಮೊದಲು ದುಡ್ಡು ಕೊಟ್ಟು ಕೊಂಡು, ಅದರ ಪರಿಹಾರವನ್ನು ಆಮೇಲೆ ಬೇರೆ ಅಂಗಡಿಯಲ್ಲಿ ಕೊಳ್ಳುವ ಇಂಥವನೇ ಈ ಶಾಸ್ತ್ರಕ್ಕೆ ಅಧಿಕಾರಿ.

ಅಪಾಯಗಳನ್ನು ಹೊಸದಾಗಿ ವಿಂಗಡಿಸುವ ಶ್ರಮ ಬೇಡ. ಸಾಂಖ್ಯರ ತಾಪತ್ರಯವೇ ಸಾಕು. ಇತರ ಜೀವಿಗಳಿಂದ ಬರುವುದು ಆಧಿಭೌತಿಕ, ಗಾಳಿ ಸಿಡಿಲು ತೆರೆಗಳಿಂದ ಬರುವುದು ಆಧಿದೈವಿಕ, ತನ್ನಿಂದಲೇ ತನಗೆ ಬರುವುದು ಆಧ್ಯಾತ್ಮಿಕ. ಅಂಗಡಿಯವರು ಮೊದಲೆರಡಕ್ಕೆ ಧಾರಾಳವಾಗಿ ಸಾಮಾನು ತರಿಸಿಟ್ಟಿದ್ದಾರೆ. ಮೂರನೆಯದಕ್ಕೆ ಸ್ಟಾಕ್ ಇಲ್ಲ.

ಆಧಿಭೌತಿಕ ತಾಪದ ನಿವಾರಣೆಗೆ ಆದ್ಯಾಚಾರ್ಯ ಜೋಶುವಾ ಸ್ಲೋಕಮ್. 1895ರಿಂದ 1898ರವರೆಗೆ ಸುಮಾರು 37 ಅಡಿ ಉದ್ದದ ‘ಸ್ಪ್ರೇ’ ಎಂಬ ಹಾಯಿದೋಣಿಯಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿ ಬಂದ ಮೊದಲಿಗನೀತ. ದಕ್ಷಿಣ ಅಮೆರಿಕದ ತುದಿಯ ಮೆಗೆಲನ್ ಜಲಸಂಧಿಯನ್ನು ದಾಟುವ ದಾರಿಯಲ್ಲಿ ಪುಂಟಾ ಅರೆನಾಸ್ ಊರಿನ ಕಪ್ತಾನನೊಬ್ಬ ಇವನ ಕೈಗೆ ಒಂದು ಚೀಲ ಜಮಖಾನೆ ಮೊಳೆ ಕೊಟ್ಟ. ಸ್ಲೋಕಮ್ ಅವನ್ನು ಮೊನೆ ಮೇಲಾಗಿ ಡೆಕ್ಕಿನ ಮೇಲೆಲ್ಲ ಹರಡಿ ಒಳಗೆ ನಿದ್ದೆಹೋದ. ನಡುರಾತ್ರಿ ಬರಿಗಾಲಲ್ಲಿ ಹತ್ತಿದ ಸ್ಥಳೀಯರು ಬೊಬ್ಬೆ ಹಾಕುತ್ತ ಕೆಲವರು ತಮ್ಮ ದೋಣಿಗೆ, ಕೆಲವರು ನೀರಿಗೆ ಹಾರಿದರೆಂದು ಆತನೇ ಬರೆದಿದ್ದಾನೆ. ತಮ್ಮ ಜಲಸಂಧಿಗೆ ಹೇಳದೆ ಕೇಳದೆ ಬಂದು, ಮೊಳೆ ಚೆಲ್ಲಿ ಮಲಗಿದವನ ಕುರಿತು ಅಲ್ಲಿನ ಮೂಲನಿವಾಸಿಗಳ ಮೀಮಾಂಸೆ ಬೇರೆಯೇ ಇದ್ದಿರಬೇಕು. ಹಗಲಿಗೆ ಆಚಾರ್ಯನ ವಿಧಿ ಇನ್ನೊಂದು: ಕ್ಯಾಬಿನ್ನಿಗೆ ಹೋಗಿ ಬಟ್ಟೆ ಬದಲಿಸಿ ಮುಂದಿನ ಕಿಂಡಿಯಿಂದ ಬೇರೆಯವನಾಗಿ ಹೊರಬರುವುದು; ಮರದ ತುಂಡೊಂದಕ್ಕೆ ನಾವಿಕನ ವೇಷ ತೊಡಿಸಿ, ಹಗ್ಗ ಕಟ್ಟಿ ಆಗಾಗ ಎಳೆದು ಅಲ್ಲಾಡಿಸುವುದು. ಹೀಗೆ ಸಂಬಳವಿಲ್ಲದ ಮೂವರು ಸಿಬ್ಬಂದಿ ದೊರೆತರು. ಇಷ್ಟು ಎಚ್ಚರ ವಹಿಸಿದವನು ಮುಂದೆ ಸೇಂಟ್ ಹೆಲೆನಾದಲ್ಲಿ ಉಡುಗೊರೆಯಾಗಿ ಬಂದ ಆಡೊಂದನ್ನು ದೋಣಿಗೆ ಹತ್ತಿಸಿಕೊಂಡ. ಅದು ವೆಸ್ಟ್ ಇಂಡೀಸಿನ ನಕಾಶೆಯನ್ನೇ ತಿಂದುಹಾಕಿತು. ಗೊರಸಿಗೆ ಮೊಳೆ ನಾಟದು ಎಂಬುದನ್ನು ಭಾಷ್ಯಕಾರರು ಗಮನಿಸಬೇಕು.

ಈಗಿನ ಕಳ್ಳರಿಗೆ ಯಾಟಿಗಿಂತ ಅದರ ಹಿಂದೆ ತೇಲುವ ಪುಟ್ಟ ದೋಣಿ ಡಿಂಗಿಯ ಮೇಲೆ ಕಣ್ಣು. ಕೆರಿಬಿಯನ್ ದ್ವೀಪಗಳಲ್ಲಿ ರಾತ್ರಿ ಅದನ್ನು ನೀರಿನಿಂದ ಮೇಲೆತ್ತಿ, ಸರಪಳಿ ಹಾಕಿ, ಬೀಗ ಜಡಿಯಬೇಕೆಂಬುದು ಸರ್ವಸಮ್ಮತ ವಿಧಿ. ಎಂಜಿನ್ನಿಗೆ ನೋಡಲಾರದಂಥ ಬಣ್ಣ ಬಳಿಯಬೇಕೆನ್ನುವವರೂ ಇದ್ದಾರೆ; ಕಳ್ಳನ ಸೌಂದರ್ಯಪ್ರಜ್ಞೆಯ ಮೇಲೆ ಇಷ್ಟು ಭರವಸೆ ಇಟ್ಟ ಶಾಸ್ತ್ರ ಮತ್ತೊಂದಿಲ್ಲ. ಡಿಂಗಿಯ ಮೇಲೆ ಯಾಟಿನ ಹೆಸರು ಬರೆಯುವುದು ನಿಷಿದ್ಧ. ಜೆಟ್ಟಿಯಲ್ಲಿ ಅದು ಕಟ್ಟಿರುವಷ್ಟು ಹೊತ್ತೂ, ಇಂಥ ಹೆಸರಿನ ಯಾಟಿನಲ್ಲಿ ಈಗ ಯಾರೂ ಇಲ್ಲ, ಮಾಲೀಕರು ಊಟಕ್ಕೆ ಹೋಗಿದ್ದಾರೆ ಎಂಬ ಬೋರ್ಡಿನ ಕೆಲಸವನ್ನೇ ಅದು ಮಾಡುತ್ತದೆ.

ಅರಬ್ಬಿ ಸಮುದ್ರದ ಕಡಲ್ಗಳ್ಳರ ವಿಷಯದಲ್ಲಿ ನಗುವಂಥದ್ದು ಕಡಿಮೆ. ಆದರೂ ಹಡಗು ಉದ್ಯಮದ ಸಂಘಗಳು ಹಿಂದೂ ಮಹಾಸಾಗರಕ್ಕೆ ಅಂಟಿಸಿದ್ದ ‘ಅತಿ ಅಪಾಯದ ವಲಯ’ ಎಂಬ ಪಟ್ಟಿಯನ್ನು 2023ರ ಜನವರಿ 1ರಂದು ಕಿತ್ತುಹಾಕಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಸೊಮಾಲಿಯಾದವರು ಮತ್ತೆ ಹಡಗು ಹಿಡಿದರು. ಸುತ್ತೋಲೆ ಅವರಿಗೂ ತಲುಪಿತ್ತೆಂದು ತೋರುತ್ತದೆ. ದೋಣಿಯ ಹೆಸರು, ಸ್ಥಾನ, ವೇಗಗಳನ್ನು ಸಾರುವ ಎಐಎಸ್ ಯಂತ್ರವನ್ನು ಹಾಕಿಟ್ಟರೆ ದೊಡ್ಡ ಹಡಗುಗಳಿಗೂ ಕಳ್ಳರಿಗೂ ಯಾಟ್ ಕಾಣುತ್ತದೆ, ಆರಿಸಿದರೆ ಇಬ್ಬರಿಗೂ ಕಾಣುವುದಿಲ್ಲ. ಹಾಯಿದೋಣಿ ಎಣಿಕೆಗೆ ಸಿಗದಷ್ಟು ಚಿಕ್ಕದು; ಡಿಕ್ಕಿ ಹೊಡೆದ ಹಡಗಿಗೆ ಅದು ಗೊತ್ತೂ ಆಗದಿರಬಹುದು. ಇನ್ನು ಭಾರತದ ಪಶ್ಚಿಮ ಕರಾವಳಿಯಲ್ಲಿ ಭರ್ರೆಂದು ಹತ್ತಿರ ಬಂದು ಕೈ ಬೀಸಿ ಕೂಗುವವನು ಬಹುತೇಕ ಮೀನುಗಾರ. ಮುಂದೆ ಬಲೆ ಬಿಟ್ಟಿದ್ದೇವೆ, ಆಚೆ ತಿರುಗಿಸಿ ಎನ್ನುತ್ತಿರುತ್ತಾನೆ. ಇಲ್ಲಿ ರಕ್ಷಣೆ ಬೇಕಾದದ್ದು ಬಲೆಗೆ.

ಓರ್ಕಾಗಳ ವಿಚಾರದಲ್ಲಿ ಮತಭೇದವಿದೆ. ಸ್ಪೇನ್, ಪೋರ್ಚುಗಲ್ ತೀರದಲ್ಲಿ 2020ರಿಂದ ಈ ಕರಿಬಿಳಿ ಪ್ರಾಣಿಗಳು ಯಾಟುಗಳ ಚುಕ್ಕಾಣಿ ಮುರಿಯುತ್ತಿವೆ. ಕೆಲವು ಯಾಟುಗಳು ಮುಳುಗಿಯೂ ಇವೆ. ದೋಣಿ ನಿಲ್ಲಿಸಿ, ಹಾಯಿ ಇಳಿಸಿ, ಚುಕ್ಕಾಣಿ ಬಿಟ್ಟು ಸುಮ್ಮನಿರಬೇಕೆಂಬುದು ಪೂರ್ವಪಕ್ಷ. ನಿಲ್ಲಿಸಕೂಡದು, ಎಂಜಿನ್ ಹಾಕಿ ಆಳವಿಲ್ಲದ ನೀರಿನತ್ತ ಓಡಬೇಕೆಂಬುದು ಇತ್ತೀಚಿನ ಸಿದ್ಧಾಂತ. ನಡುವೆ ಕೆಲವರು ನೀರಿನೊಳಗೆ ಹೆವಿ ಮೆಟಲ್ ಸಂಗೀತ ಹಾಕಿ ನೋಡಿದರು, ಚುಕ್ಕಾಣಿ ಉಳಿಯಲಿಲ್ಲ. ಪ್ರತಿವಾದಿಗಳ ಹೇಳಿಕೆ ಇನ್ನೂ ಬರಬೇಕಾಗಿದೆ.

ಆಧಿದೈವಿಕದಲ್ಲಿ ಸಿಡಿಲು ಮೊದಲನೆಯದು. ಸುತ್ತ ಮೈಲಿಗಟ್ಟಲೆ ಅಷ್ಟೆತ್ತರದ ವಸ್ತು ಬೇರೊಂದಿಲ್ಲದ ಕಡೆ ಲೋಹದ ಕೂವೆಮರ ನಿಲ್ಲಿಸಿ ಅದರ ಬುಡದಲ್ಲಿ ವಾಸಿಸುವುದು ಯಾಟಿನ ಪದ್ಧತಿ. ಗುಡುಗು ಕೇಳಿದ ಕೂಡಲೇ ಕೈಯಲ್ಲಿ ಹಿಡಿಯುವ ಜಿಪಿಎಸ್, ರೇಡಿಯೊ, ಮೊಬೈಲುಗಳನ್ನು ಅಡುಗೆಯ ಓವನ್ನಿನೊಳಗಿಡುವುದು ವಾಡಿಕೆ. ಲೋಹದ ಪೆಟ್ಟಿಗೆ ಒಳಗಿನದನ್ನು ಕಾಯುತ್ತದೆಂಬ ಫ್ಯಾರಡೆಯ ತತ್ತ್ವವೇ ಇದಕ್ಕೆ ಆಧಾರ. ಮಳೆ ನಿಂತ ಮೇಲೆ ಬ್ರೆಡ್ಡು ಸುಡಲು ಹೊರಡುವವರಿಗೆ ವಿಷಯ ಮೊದಲೇ ತಿಳಿಸಿರಬೇಕು.

ಮುಳುಗುವಾಗ ಒತ್ತುವ ಸಾಧನ ಇಪಿರ್ಬ್. ಅದು 406 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತದೆ, ಉಪಗ್ರಹ ಕೇಳಿಸಿಕೊಳ್ಳುತ್ತದೆ. ನಮ್ಮ ಕಡಲಿನಲ್ಲಿ ಒತ್ತಿದರೆ ಆ ಕೂಗು ಮೊದಲು ಮುಟ್ಟುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗೆ. ಭಾರತದ ಸಂಕಟಸಂಕೇತ ಕೇಂದ್ರ ಅಲ್ಲಿಯ ಇಸ್ರೋ ಸಂಸ್ಥೆಯಾದ ಇಸ್ಟ್ರಾಕ್‌ನಲ್ಲಿದೆ. ಅಲ್ಲಿಂದ ಸುದ್ದಿ ಕರಾವಳಿ ಕಾವಲು ಪಡೆಗೆ ಹೋಗುತ್ತದೆ. ಸಾಧನವನ್ನು ಮಾಲೀಕನ ಹೆಸರಿಗೆ ನೋಂದಾಯಿಸುವುದು ಕಡ್ಡಾಯ. ದೋಣಿ ಮಾರಿದ ಮೇಲೆ ಹೆಸರು ಬದಲಿಸದಿದ್ದರೆ, ನೀವು ಮುಳುಗುತ್ತಿದ್ದೀರಾ ಎಂಬ ಫೋನು ಮನೆಯಲ್ಲಿ ಕಾಫಿ ಕುಡಿಯುತ್ತಿರುವ ಹಳೆಯ ಮಾಲೀಕನಿಗೆ ಹೋಗುತ್ತದೆ. ಸ್ಯಾಟಲೈಟ್ ಫೋನಿನ ಕಥೆ ಬೇರೆ: ಅನುಮತಿಯಿಲ್ಲದ ತುರಾಯಾ, ಇರಿಡಿಯಂ ಫೋನುಗಳು ಭಾರತದಲ್ಲಿ ನಿಷಿದ್ಧ. ಬಿರುಗಾಳಿಯಿಂದ ಪಾರಾಗಲು ತಂದದ್ದು ಬಂದರಿನಲ್ಲಿ ಪೊಲೀಸ್ ಠಾಣೆಗೆ ದಾರಿ ತೋರಿಸೀತು.

ರಕ್ಷಣಾ ತೆಪ್ಪವನ್ನು ಯಾವಾಗ ಹತ್ತಬೇಕು? ದೋಣಿಯಿಂದ ಅದಕ್ಕೆ ಇಳಿಯುವಂತಿದ್ದರೆ ಇನ್ನೂ ಕಾಲ ಬಂದಿಲ್ಲ, ಹತ್ತುವಂತಾದಾಗ ಬಂತು ಎಂಬುದು ನಾವಿಕರ ನಿಯಮ. ಕೇಳಲು ಕುಚೋದ್ಯ, ಹಿನ್ನೆಲೆ ಹಾಗಲ್ಲ. 1979ರ ಫಾಸ್ಟ್‌ನೆಟ್ ಯಾಟ್ ಪಂದ್ಯದಲ್ಲಿ 303 ದೋಣಿಗಳು ಹೊರಟು ಬಿರುಗಾಳಿಗೆ ಸಿಕ್ಕವು. ಸ್ಪರ್ಧಿಗಳಲ್ಲಿ 15 ಮಂದಿ ಸತ್ತರು. ಜನ ಬಿಟ್ಟುಹೋದ 24 ದೋಣಿಗಳಲ್ಲಿ ಮುಳುಗಿದವು 5 ಮಾತ್ರ.

ಉಳಿದದ್ದು ಆಧ್ಯಾತ್ಮಿಕ. ಒಂದು ಕೈ ದೋಣಿಗೆ, ಒಂದು ಕೈ ತನಗೆ ಎಂಬುದು ಹಳೆಯ ವಿಧಿ. ಮೊಬೈಲಿನಲ್ಲಿ ಸೂರ್ಯಾಸ್ತ ಹಿಡಿಯುವ ಮೂರನೆಯ ಕೈಗೆ ಶಾಸ್ತ್ರದಲ್ಲಿ ಅವಕಾಶವಿಲ್ಲ. ಸುರಕ್ಷಾ ಪಟ್ಟಿಯನ್ನು ಡೆಕ್ಕಿನ ಹಗ್ಗಕ್ಕೆ ಸಿಕ್ಕಿಸದೆ ರಾತ್ರಿ ಹೊರಬರುವುದು, ಕಂಬಿಯ ಪಕ್ಕ ನಿಂತು ಮೂತ್ರ ಮಾಡುವುದು, ಸೋಮವಾರ ಆಫೀಸಿದೆಯೆಂದು ಭಾನುವಾರ ಕೆಟ್ಟ ಹವೆಯಲ್ಲೇ ಹೊರಡುವುದು, ಇವು ಮಹಾಪಾತಕಗಳು. ಅವುಗಳಲ್ಲಿ ಕೊನೆಯದೇ ಘೋರ, ಏಕೆಂದರೆ ಗಾಳಿ ಕ್ಯಾಲೆಂಡರ್ ನೋಡುವುದಿಲ್ಲ. ಸ್ಲೋಕಮ್‌ನಿಗೆ ಈಜು ಬರುತ್ತಿರಲಿಲ್ಲ. 1909ರಲ್ಲಿ ಅದೇ ಸ್ಪ್ರೇ ಹತ್ತಿ ಒಬ್ಬನೇ ಹೋದವನು ಮರಳಲಿಲ್ಲ.

ಹಾಗಾದರೆ ದೋಣಿಯನ್ನು ದಡಕ್ಕೆ ಕಟ್ಟಿಯೇ ಇಡುವುದು ಕ್ಷೇಮವಲ್ಲವೇ ಎಂದರೆ, ಅಲ್ಲ. ಕಟ್ಟಿದಲ್ಲೇ ಮುಳುಗುವ ದೋಣಿಗಳೇನೂ ಕಡಿಮೆಯಿಲ್ಲವೆಂಬುದು ವಿಮಾ ಕಂಪನಿಗಳ ಅನುಭವ. ಶೌಚಾಲಯಕ್ಕೂ ಎಂಜಿನ್ನಿಗೂ ಸಮುದ್ರದ ನೀರು ಬರಲು ತಳದಲ್ಲಿ ತೂತುಗಳಿವೆ, ಪ್ರತಿ ತೂತಿಗೂ ಒಂದು ವಾಲ್ವ್ ಇದೆ, ವಾಲ್ವ್ ಕೈಕೊಟ್ಟರೆ ಬಡಿಯಲು ಪಕ್ಕದಲ್ಲೇ ಹಗ್ಗಕ್ಕೆ ಕಟ್ಟಿದ ಮರದ ಬೂಚು ಇರಬೇಕು. ಬೂಚು ತಾನಾಗಿ ಬಡಿದುಕೊಳ್ಳುವುದಿಲ್ಲ. ಆದ್ದರಿಂದ ದೋಣಿ ಬಿಟ್ಟು ಮನೆಗೆ ಹೋಗುವ ಮುನ್ನ ವಾಲ್ವುಗಳನ್ನೆಲ್ಲ ಮುಚ್ಚುವುದು ನಿತ್ಯಕರ್ಮ. ಮುಚ್ಚಿದ್ದು ಹೌದೋ ಅಲ್ಲವೋ ಎಂದು ಅರ್ಧ ದಾರಿಯಲ್ಲಿ ಸಂಶಯ ಬಂದರೆ ಕಾರು ತಿರುಗಿಸಿ ಹೋಗಿ ನೋಡತಕ್ಕದ್ದು. ಇದಕ್ಕೆ ಪ್ರತಿನಿಧಿಯನ್ನು ಕಳಿಸುವಂತಿಲ್ಲ.